ವಿಹಾರದ ಹಿಂಬದಿ ಮೆಟ್ಟಿಲು

"ವಂಗ್ ತಕಿಯನ್ ಅಂದ್ರಲ್ಲಮ್ಮ, ಯಾವುದು? ಗುಡ್ಡದ ಮೇಲಿನದಾ, ನೀರೊಳಗಿನದಾ?" ಗಾಡಿಯವನು ಬ್ರೇಕ್ ಹಾಕಿ ಹಿಂದಕ್ಕೆ ತಿರುಗಿ ಕೇಳಿದ.

ಪ್ರಶ್ನೆಯೇ ಬುಸಬಾಗೆ ತಿಳಿಯಲಿಲ್ಲ. ಬೆಳಗಿನ ಜಾವ ಸಮುದ್ರದಂಡೆಯ ಮೇಕ್ಲೋಂಗ್ ಬಿಟ್ಟವಳು ಮೂರು ಗಾಡಿ ಬದಲಾಯಿಸಿದ್ದಳು. ಘಟ್ಟದ ತಿರುವುಗಳಲ್ಲಿ ಕೂಡ ಮಡಿಲಲ್ಲಿದ್ದ ಬಿದಿರು ಬುಟ್ಟಿಯನ್ನು ಕೆಳಗಿಟ್ಟಿರಲಿಲ್ಲ. ಬುಟ್ಟಿಯೊಳಗೆ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ಗಂಡ ಚರೂನನ ಬೂದಿ. ಇಷ್ಟು ದೂರ ಬಂದಮೇಲೆ ಒಂದೂರು ಎರಡಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನೀರೊಳಗಿಂದು ಅಂದ್ರೆ?"

"ಅಣೆಕಟ್ಟು ಕಟ್ಟಿದಾಗ ಮುಳುಗ್ತಲ್ಲ, ಅದು. ಮುಳುಗಿದ್ದಕ್ಕೂ ಅದೇ ಹೆಸರು, ಆಮೇಲೆ ಗುಡ್ಡದ ಮೇಲೆ ಕಟ್ಕೊಂಡಿದ್ದಕ್ಕೂ ಅದೇ ಹೆಸರು. ಆಚೆ ದಡದಲ್ಲಿ ನಾಲ್ಕು ಮನೆ ಇವೆ, ಅವ್ರೂ ನಾವೇ ವಂಗ್ ತಕಿಯನ್ ಅಂತಾರೆ. ನಿಮಗೆ ಎಲ್ಲಿಗೆ ಹೋಗ್ಬೇಕು ಹೇಳಿ."

"ವಿಹಾರದ ಹಿಂಬದಿ ಮೆಟ್ಟಿಲಿಗೆ."

ಗಾಡಿಯಲ್ಲಿ ಕೂತಿದ್ದ ನಾಲ್ಕೈದು ಜನ ಅವಳನ್ನೂ ಅವಳ ಬುಟ್ಟಿಯನ್ನೂ ನೋಡಿದರು. ಎದುರಿಗೆ ಕೂತಿದ್ದ ಮುದುಕನೊಬ್ಬ ಬಾಯಲ್ಲಿದ್ದ ಅಡಿಕೆಯನ್ನು ಆಚೆ ದವಡೆಗೆ ತಳ್ಳಿ, "ಹಳೇ ವಿಹಾರಕ್ಕೇ ಹಿಂಬದಿ ಮೆಟ್ಟಿಲಿದ್ದಿದ್ದು. ಹೊಸದಕ್ಕೆ ಹಿಂದೆ ಬರೀ ಬಂಡೆ," ಎಂದ. ಗಾಡಿಯವನು ಮತ್ತೇನೂ ಕೇಳದೆ ಅವಳನ್ನು ದೋಣಿಕಟ್ಟೆಯ ಹತ್ತಿರ ಇಳಿಸಿ ಹೋದ.

ಎದುರಿಗೆ ನೀರು. ಹೊಳೆ ಇರಬೇಕಾದ ಕಡೆ ಸಮುದ್ರದಷ್ಟು ಅಗಲದ ನೀರು ನಿಂತಿತ್ತು. ಅದರ ನಡುವೆ ಎಲೆ ಕೊಂಬೆ ಕಳೆದುಕೊಂಡ ಮರದ ಬೊಡ್ಡೆಗಳು ಅಲ್ಲಲ್ಲಿ ಎದ್ದಿದ್ದವು. ಏಪ್ರಿಲ್ ತಿಂಗಳ ಕಾಡಿನ ಹೊಗೆಗೆ ಆಚೆಯ ಗುಡ್ಡಗಳು ಒರೆಸಿದಂತೆ ಕಾಣುತ್ತಿದ್ದವು. ಹುಟ್ಟಿದಾಗಿನಿಂದ ನೀರಿನ ಪಕ್ಕದಲ್ಲೇ ಬದುಕಿದ ಬುಸಬಾಗೆ ಈ ನೀರು ಅರ್ಥವಾಗಲಿಲ್ಲ. ಇದಕ್ಕೆ ಭರತವಿಲ್ಲ, ಇಳಿತವಿಲ್ಲ, ಯಾವ ಕಡೆ ಹೋಗುತ್ತಿದೆಯೆಂಬುದೂ ತಿಳಿಯುವುದಿಲ್ಲ.

ಅವಳು ಹೊರಟಾಗ ಪಕ್ಕದ ಮನೆಯವಳು ನಕ್ಕಿದ್ದಳು. "ಅಲ್ಲಿಂದ ಹರಿದು ಬರೋ ಹೊಳೆ ನಮ್ಮ ಬಾಗಿಲಲ್ಲೇ ಸಮುದ್ರಕ್ಕೆ ಸೇರೋದು. ಇಲ್ಲೇ ಬಿಟ್ರೆ ಆಗಲ್ವಾ? ಮೇಲಕ್ಕೆ ಹೊತ್ಕೊಂಡು ಹೋಗಿ ಬಿಟ್ರೆ ತೇಲ್ಕೊಂಡು ವಾಪಸ್ ಇಲ್ಲಿಗೇ ಬರ್ತಾನೆ ನಿನ್ನ ಗಂಡ." ಮಾತು ಸರಿಯಾಗಿಯೇ ಇತ್ತು. ಆದರೆ ಚರೂನ್ ಮೂವತ್ತೈದು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಬಂಗುಡೆ ಮೀನಿನ ಕತ್ತು ಬಗ್ಗಿಸಿ ಕೂರಿಸಿ ಬೇಯಿಸುವ ಪುಟ್ಟ ಬುಟ್ಟಿಗಳನ್ನು ಹೆಣೆಯುವುದು ಅವನ ಕಸುಬು. ಬುಸಬಾ ಮೀನು ಬೇಯಿಸುವವಳು. ಮದುವೆಗೆ ಮುಂಚೆ ನಿನ್ನ ಕಡೆಯವರು ಯಾರು ಎಂದು ಕೇಳಿದ್ದಕ್ಕೆ, "ಯಾರೂ ಇಲ್ಲ. ಹೊಳೆಯಲ್ಲಿ ತೇಲಿ ಬಂದವನು ಅಂತ ತಿಳ್ಕೊ," ಎಂದಿದ್ದ. ಅವಳು ಹಾಗೆಯೇ ತಿಳಿದುಕೊಂಡಿದ್ದಳು. ಜ್ವರ ಬಂದಾಗ ಮಾತ್ರ ಅವನು ಯಾವುದೋ ಗೊತ್ತಿಲ್ಲದ ನುಡಿಯಲ್ಲಿ ಕನವರಿಸುತ್ತಿದ್ದ. ಮನೆಯಲ್ಲಿ ಅದಕ್ಕೆ 'ಅಪ್ಪನ ಜ್ವರದ ಭಾಷೆ' ಎಂದೇ ಹೆಸರಿಟ್ಟಿದ್ದರು.

ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, "ನನ್ನನ್ನ ಹೊಳೆ ಮೇಲಕ್ಕೆ ತಗೊಂಡು ಹೋಗು. ವಂಗ್ ತಕಿಯನ್, ವಿಹಾರದ ಹಿಂಬದಿ ಮೆಟ್ಟಿಲು, ಮೇಲಿಂದ ನಾಲ್ಕನೇದು. ಮಿ ಚಾನ್‌ಗೆ ಹೇಳು," ಎಂದ. ಏನು ಹೇಳಲಿ ಎಂದು ಅವಳು ಕೇಳಿದಳು. ಅವನು ಜ್ವರದ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿ ಕಣ್ಣು ಮುಚ್ಚಿದ. ಎರಡು ದಿನಕ್ಕೆ ಹೋಗಿಬಿಟ್ಟ. ಅಂದಿನಿಂದ ಬುಸಬಾಳ ಎದೆಯಲ್ಲಿ ಸಾವಿನ ದುಃಖಕ್ಕಿಂತ ಆ ಹೆಸರೇ ಹೆಚ್ಚು ಚುಚ್ಚುತ್ತಿತ್ತು. ಮಿ ಚಾನ್. ಹೆಂಗಸಿನ ಹೆಸರು. ಅವಳು ಕತ್ತಲಲ್ಲೂ ಕಾಣುವಷ್ಟು ಚೆಲುವೆಯಾಗಿರಬೇಕು, ಇಲ್ಲದಿದ್ದರೆ ಸಾಯುವ ಗಳಿಗೆಯಲ್ಲಿ ಯಾರು ನೆನೆಯುತ್ತಾರೆ ಎಂದುಕೊಂಡು ಅವಳು ಘಟ್ಟ ಹತ್ತಿದ್ದಳು.

ದೋಣಿಕಟ್ಟೆಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಉದ್ದನೆಯ ದೋಣಿಯ ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದಳು. ಕೆನ್ನೆಗೆಲ್ಲ ಗಂಧದಂಥ ಹಳದಿ ಲೇಪ. ಹೆಸರು ಪಿಸಮಯ್ ಎಂದು ತಾನಾಗಿಯೇ ಹೇಳಿಕೊಂಡಳು.

"ಹಳೇ ವಿಹಾರ ನೋಡೋಕೆ ಬಂದ್ರಾ ದೊಡ್ಡಮ್ಮ?"

"ಇಲ್ಲಿ ಚರೂನ್ ಅನ್ನೋರ ಮನೆ ಗೊತ್ತಾ?"

"ಚರೂನ್? ಅಂಥ ಹೆಸರಿನವ್ರು ಈ ಊರಲ್ಲಿ ಯಾರೂ ಇಲ್ವಲ್ಲ."

"ಹೋಗ್ಲಿ. ಮಿ ಚಾನ್?"

"ಯಾವ ಮಿ ಚಾನು? ಮೂರು ಜನ ಇದಾರೆ. ಒಬ್ಳು ಶಾಲೆಗೆ ಹೋಗ್ತಾಳೆ. ಒಬ್ಳು ಹೋದ ವರ್ಷ ಮದುವೆಯಾಗಿ ಹೋದ್ಳು. ಇನ್ನೊಬ್ಳು ನಮ್ಮ ಒಣಮೀನು ಅಜ್ಜಿ."

ಬುಸಬಾ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಅಜ್ಜಿ ಹತ್ರಾನೇ ಕರ್ಕೊಂಡು ಹೋಗು," ಎಂದಳು.

ಒಣಮೀನು ಅಜ್ಜಿಯ ಮನೆ ನೀರಿನ ಮೇಲೆ ತೇಲುವ ಬಿದಿರು ತೆಪ್ಪದ ಮೇಲಿತ್ತು. ಅರವತ್ತೇಳು ಅರವತ್ತೆಂಟರ, ಒಣಗಿದ ಹುಣಿಸೆ ಕಡ್ಡಿಯಂಥ ಹೆಂಗಸು ಜಾಲರಿಯ ಮೇಲೆ ಸೀಳಿದ ಮೀನುಗಳನ್ನು ಮಗುಚಿ ಹಾಕುತ್ತಿದ್ದಳು. ಚೆಲುವೆಗಾಗಿ ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬುಸಬಾಳ ಬಾಯಲ್ಲೇ ಉಳಿದವು.

"ಬೂದಿ ಬಿಡೋಕಾ?" ಬುಟ್ಟಿ ನೋಡಿದ ಮಿ ಚಾನ್ ತಲೆಯೆತ್ತದೆ ಕೇಳಿದಳು. "ಈಚೆಗೆ ಊರೂರಿನವರು ಬರ್ತಾರೆ. ಪಿಸಮಯ್, ಇವ್ರನ್ನ ಆಚೆ ಕಡೆ ಕರ್ಕೊಂಡು ಹೋಗು. ಮೀನಿನ ಹತ್ರ ಬೇಡ."

"ನನ್ನ ಗಂಡ ನಿಮಗೆ ಹೇಳು ಅಂದಿದ್ರು."

"ಏನು ಹೇಳು ಅಂದ್ರು?"

"ಅದೇ ಗೊತ್ತಿಲ್ಲ. ಮಿ ಚಾನ್‌ಗೆ ಹೇಳು ಅಂದ್ರು, ಅಷ್ಟೆ."

ಮಿ ಚಾನ್ ಕೈ ಒರೆಸಿಕೊಂಡು ಪಿಸಮಯ್‌ಳ ಮುಖ ನೋಡಿದಳು. ಪಿಸಮಯ್ ಭುಜ ಕುಣಿಸಿದಳು. ಬುಸಬಾ ಚೀಲದಿಂದ ಫೋಟೋ ತೆಗೆದುಕೊಟ್ಟಳು. ಶವದ ಮುಂದೆ ಇಟ್ಟಿದ್ದ ಫೋಟೋ ಅದು. ಅರವತ್ತರ ಚರೂನ್ ಬಿಳಿ ಅಂಗಿ ಹಾಕಿ, ಬೋಳು ಹಣೆ ಮಿಂಚಿಸುತ್ತ, ಫೋಟೋ ತೆಗೆದವನ ಮೇಲೆ ಸ್ವಲ್ಪ ಸಿಟ್ಟಾದವನಂತೆ ನೋಡುತ್ತಿದ್ದ.

ಮಿ ಚಾನ್ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ನೆರಳಿಗೆ ತಂದು ನೋಡಿದಳು.

"ನಮ್ಮಪ್ಪನ ಫೋಟೋ ನಿನ್ನ ಹತ್ರ ಹೇಗೆ ಬಂತು?"

"ಇದು ನನ್ನ ಗಂಡ."

"ಅದು ಹೇಗಾಗತ್ತೆ? ಇದು ನಮ್ಮಪ್ಪ. ನಮ್ಮಪ್ಪ ಸತ್ತಾಗ ನನಗೆ ಇಪ್ಪತ್ತು. ಅವನು ಯಾವತ್ತೂ ಫೋಟೋ ತೆಗೆಸಿರಲಿಲ್ಲ. ಈ ಥರ ಅಂಗೀನೂ ಇರಲಿಲ್ಲ ಅವನಿಗೆ." ಅವಳ ದನಿ ಏರಲಿಲ್ಲ, ನಿಧಾನವಾಯಿತು. "ನೀನು ಯಾರು?"

ಬುಸಬಾ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೋದಂತೆ ತನಗೆ ಗೊತ್ತಿದ್ದದ್ದು ಎಷ್ಟು ಕಡಿಮೆ ಎಂದು ಅವಳಿಗೇ ಕಂಡಿತು. ಇಪ್ಪತ್ತಾರರ ಹರೆಯದಲ್ಲಿ ಮೀನಿನ ಮಂಡಿಗೆ ಕೂಲಿಗೆ ಬಂದಿದ್ದ, ಮಂಡಿಯ ಯಜಮಾನನೇ ಅವನಿಗೆ ಗುರುತಿನ ಚೀಟಿ ಮಾಡಿಸಿಕೊಟ್ಟಿದ್ದ, ಬಿದಿರು ಸೀಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಒಬ್ಬ ಮಗ, ಒಬ್ಬಳು ಮಗಳು. ಇಷ್ಟೇ.

"ನನಗೊಬ್ಬ ತಮ್ಮ ಇದ್ದ," ಎಂದಳು ಮಿ ಚಾನ್. "ಹೋಂಗ್ಸ ಅಂತ. ನೀರು ತುಂಬಿದ ವರ್ಷ ಸತ್ತ. ಇಪ್ಪತ್ತೆರಡು ವರ್ಷ ಅವನಿಗೆ. ನಾನೇ ಸುಟ್ಟಿದೀನಿ. ಅವನ ಮೂಳೆ ಮೇಲೆ ವಿಹಾರದ ಗೋಡೆಯಲ್ಲಿದೆ. ನಾಡಿದ್ದು ಹೊಸವರ್ಷದ ಸೋಂಗ್‌ಕ್ರಾನ್ ಹಬ್ಬಕ್ಕೆ ಅವನಿಗೇ ಈ ಮೀನು. ಹಾಗಾಗಿ ನಿನ್ನ ಗಂಡ ಅವನಲ್ಲ."

"ಸರಿ," ಎಂದಳು ಬುಸಬಾ. ಅವಳಿಗೆ ಒಂದು ಕ್ಷಣ ಹಗುರವೂ ಆಯಿತು. ತಪ್ಪು ಮನೆಗೆ ಬಂದಿದ್ದೇನೆ, ಎದ್ದು ಹೋದರಾಯಿತು. ಆದರೆ ಎದ್ದು ಎಲ್ಲಿಗೆ ಹೋಗುವುದು ಎಂದು ತೋಚಲಿಲ್ಲ. "ಅವನ ಎಡಗಾಲಿನ ಬೆರಳು..." ಎಂದು ಸುಮ್ಮನೆ ಬಾಯಿಗೆ ಬಂತು.

"ಏನು?"

"ಏನಿಲ್ಲ. ನನ್ನ ಗಂಡನಿಗೆ ಎಡಗಾಲಲ್ಲಿ ಎರಡು ಬೆರಳು ಅಂಟ್ಕೊಂಡಿದ್ವು. ಹೆಬ್ಬೆರಳ ಪಕ್ಕದವು. ಅದಕ್ಕೇ ಚಪ್ಪಲಿ ಹಾಕ್ತಿರಲಿಲ್ಲ. ನಿಮ್ಮ ತಮ್ಮಂಗೂ ಇತ್ತೇನೋ ಅಂತ ಕೇಳೋಣ ಅಂದ್ಕೊಂಡೆ."

ಮಿ ಚಾನ್ ಜಾಲರಿಯ ಹತ್ತಿರ ಹೋಗಿ ಆಗಲೇ ಮಗುಚಿದ್ದ ಮೀನುಗಳನ್ನು ಮತ್ತೆ ಮಗುಚತೊಡಗಿದಳು. ಒಂದು ಸಾಲು ಮುಗಿಸಿದಳು. ಎರಡನೇ ಸಾಲಿಗೆ ಬರುವಾಗ ಕೈ ನಿಂತಿತು.

"ಅಪ್ಪಂಗೂ ಇತ್ತು," ಎಂದಳು ಬೆನ್ನು ಹಾಕಿಕೊಂಡೇ. "ಹೋಂಗ್ಸಂಗೂ ಇತ್ತು."

ಪಿಸಮಯ್ ದೋಣಿಯಿಂದಲೇ, "ಹಾಗಾದ್ರೆ ನೀವು ಸುಟ್ಟಿದ್ದು ಯಾರನ್ನ ಅಜ್ಜಿ?" ಎಂದುಬಿಟ್ಟಳು. ಕೇಳಿದ ಮೇಲೆ ಕೇಳಬಾರದಿತ್ತೆಂದು ತಿಳಿದು ಇಂಜಿನ್ನಿನ ಕಡೆ ತಿರುಗಿದಳು.

ಮಿ ಚಾನ್ ಬುಸಬಾಳ ಮುಂದೆ ಬಂದು ಕೂತಳು. ಹೇಳಿದ್ದನ್ನೇ ಹಿಂದೆ ಮುಂದೆ ಮಾಡಿ ಹೇಳಿದಳು. ನೀರು ನಿಲ್ಲಿಸುವ ಮುಂಚೆ ಕಾಡು ಕಡಿಯಲು ಸಾವಿರಾರು ಜನ ಬಂದಿದ್ದರು. ಗಡಿಯಾಚೆಯಿಂದಲೂ ಬಂದಿದ್ದರು. ಯಾರು ಬಂದರು, ಯಾರು ಹೋದರು, ಬರೆದಿಟ್ಟವರಿಲ್ಲ. ಹೋಂಗ್ಸನೂ ಆ ಕೂಲಿಗೆ ಸೇರಿದ. ಊರಿನ ಹೆಸರಿಗೆ ಕಾರಣವಾದ ದೊಡ್ಡ ತಕಿಯನ್ ಮರ ವಿಹಾರದ ಹಿಂದೆ ಹೊಳೆಗೆ ಬಾಗಿ ನಿಂತಿತ್ತು. ಅದರಲ್ಲಿ ಅಮ್ಮನವರು ಇದ್ದಾರೆಂದು ಮಕ್ಕಳು ಹುಟ್ಟಿದಾಗಲೆಲ್ಲ ಬಣ್ಣದ ಬಟ್ಟೆ ಸುತ್ತುತ್ತಿದ್ದ ಮರ. ಹೇಗೂ ಮುಳುಗುತ್ತದೆ, ಕಡಿದರೇನು ಎಂದ ಹೋಂಗ್ಸ. ತಾಯಿ ಅಡ್ಡ ನಿಂತಳು.

"'ಆ ಮರಕ್ಕೆ ಕೊಡಲಿ ಹಾಕಿದ್ರೆ ನಿನ್ನ ಹೆಣ ನೋಡೇನು, ಮುಖ ನೋಡಲ್ಲ' ಅಂದ್ಲು ಅಮ್ಮ. ಎಲ್ಲ ತಾಯಂದಿರೂ ಅನ್ನೋ ಮಾತೇ. ಅವನು ಮಾರನೇ ದಿನ ಹೋಗಿ ಕಡಿದ. ಮನೆಗೆ ಬರಲಿಲ್ಲ. ಎಂಟು ದಿನ ಆದ್ಮೇಲೆ ಕೆಳಗಡೆ ಮರದ ದಿಮ್ಮಿಗಳ ಮಧ್ಯೆ ಹೆಣ ಸಿಕ್ತು. ಮುಖ ಇರಲಿಲ್ಲ. ಕಾಲು ನೋಡೋ ಹಾಗಿರಲಿಲ್ಲ. ಆದ್ರೆ ಅಂಗಿ ಅವನದೇ. ಹಸಿರು ಅಂಗಿ, ಜೇಬು ಹರಿದಿದ್ದಕ್ಕೆ ನಾನೇ ಕೆಂಪು ದಾರದಲ್ಲಿ ಹೊಲಿದಿದ್ದೆ. ಹಸಿರು ದಾರ ಇರಲಿಲ್ಲ ಅವತ್ತು."

"ಅಂಗಿ ಯಾರಿಗೋ ಕೊಟ್ಟಿರ್ತಾನೆ," ಎಂದಳು ಬುಸಬಾ.

"ಕೊಟ್ಟಿರ್ತಾನೆ," ಎಂದಳು ಮಿ ಚಾನ್. "ಯಾರಾದ್ರೂ ಚಳಿ ಅಂದ್ರೆ ಸಾಕು, ಮೈಮೇಲಿಂದು ಬಿಚ್ಚಿಕೊಡೋ ಹುಚ್ಚು ಅವನಿಗೆ."

"ನನ್ನ ಮದುವೇಲಿ ಹೊಲಿಸಿದ ಅಂಗೀನ ಮೂರನೇ ದಿನ ಮಂಡಿ ಕೂಲಿಯವನಿಗೆ ಕೊಟ್ಟು ಬಂದ. ಕೇಳಿದ್ರೆ, ನನಗೆ ಕಂಕುಳಲ್ಲಿ ಬಿಗೀತಿತ್ತು ಅಂದ."

ಮಿ ಚಾನ್‌ಗೆ ನಗು ಬಂತು. ಬಂದ ನಗು ತುಟಿಯಲ್ಲೇ ಕೆಟ್ಟು ಅವಳು ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಸತ್ತು ಎರಡು ತಿಂಗಳಾಗಿದ್ದ ತಾನು ಸಮಾಧಾನ ಹೇಳಬೇಕೋ, ನಲವತ್ತು ವರ್ಷದ ಹಿಂದೆ ತಮ್ಮನನ್ನು ಕಳೆದುಕೊಂಡು ಈಗ ಮತ್ತೆ ಕಳೆದುಕೊಂಡ ಅವಳು ಹೇಳಬೇಕೋ, ಇಂಥದಕ್ಕೆ ಯಾವ ಕ್ರಮವಿದೆ ಎಂದು ಬುಸಬಾಗೆ ತಿಳಿಯಲಿಲ್ಲ.

"ಕೊನೇಲಿ ಏನೋ ಉದ್ದಕ್ಕೆ ಹೇಳಿದ ಅಂದ್ಯಲ್ಲ," ಮಿ ಚಾನ್ ಮುಖ ಒರೆಸಿಕೊಂಡು ಕೇಳಿದಳು. "ನಮ್ಮ ಮೋನ್ ಜನರ ಮಾತಲ್ಲಿ ಹೇಳಿರ್ತಾನೆ. ಹೇಗೆ ಹೇಳಿದ, ಅಂದು ತೋರಿಸು."

ಬುಸಬಾ ನೆನಪಿದ್ದ ಸದ್ದುಗಳನ್ನು ಕಷ್ಟಪಟ್ಟು ಅಂದಳು. ಮಿ ಚಾನ್ ಕಿವಿ ಹತ್ತಿರ ತಂದಳು. ಮತ್ತೆ ಅನ್ನಿಸಿದಳು. ಪಿಸಮಯ್ ಕೂಡ ಇಂಜಿನ್ ಬಿಟ್ಟು ಬಂದು ಕೇಳಿದಳು.

"ನಮ್ಮ ಮಾತಿನ ಥರಾನೂ ಇದೆ, ಅಲ್ಲದ ಥರಾನೂ ಇದೆ," ಎಂದಳು ಮಿ ಚಾನ್. "ಅನ್ನ ಆಯ್ತಾ ಅಂತಾನೋ, ಮಳೆ ಬಂತಾ ಅಂತಾನೋ."

"ನನಗೆ ದೋಣಿ ಕಟ್ಟು ಅಂದ ಹಾಗೆ ಕೇಳ್ತು," ಎಂದಳು ಪಿಸಮಯ್.

ನಾಲ್ಕನೆಯ ಸಲ ಅನ್ನುವಾಗ ಬುಸಬಾಗೆ ತಾನು ಹೇಳುತ್ತಿರುವುದು ಚರೂನ್ ಹೇಳಿದ್ದೋ ಅಥವಾ ಈಗಷ್ಟೇ ತಾನೇ ಕಟ್ಟಿಕೊಂಡದ್ದೋ ಎಂಬ ಅನುಮಾನ ಹತ್ತಿತು. ಅವಳು ನಿಲ್ಲಿಸಿದಳು.

ಬಿಸಿಲು ಇಳಿದ ಮೇಲೆ ಇಬ್ಬರೂ ಗುಡ್ಡ ಹತ್ತಿ ಹೊಸ ವಿಹಾರಕ್ಕೆ ಹೋದರು. ಎಂಬತ್ತು ದಾಟಿದ ಹಿರಿಯ ಭಿಕ್ಷು ಹಲಸಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದರು. ಕಣ್ಣಿನ ಪೊರೆಯಿಂದ ಅವರಿಗೆ ಜನ ಬರೀ ಬಣ್ಣವಾಗಿ ಕಾಣುತ್ತಿದ್ದರು. ಮಿ ಚಾನ್ ಅವರಿಗೆ ಎಲ್ಲ ಹೇಳಿದಳು.

"ಒಬ್ಬ ಬಂದಿದ್ದ," ಎಂದರು ಆಮೇಲೆ.

"ಯಾರು ಗುರುಗಳೆ?"

"ಕೆಳಗಿನ ಸೀಮೆಯವನು. ಬೇಯಿಸಿದ ಬಂಗುಡೆ ತಂದು ನೀಡಿದ. ಈ ಕಾಡಲ್ಲಿ ಸಮುದ್ರದ ಮೀನು ಯಾರು ತರ್ತಾರೆ, ಅದಕ್ಕೇ ನೆನಪಿದೆ. ಗೋಡೆ ಹತ್ರ ಬಹಳ ಹೊತ್ತು ನಿಂತ. ಹೋಂಗ್ಸ ಅಂತ ಬರೆದಿದೆಯಲ್ಲ, ಇವನು ಯಾರು ಅಂತ ಕೇಳಿದ. ನಾನು ಹೇಳಿದೆ. ಹೊಳೆಯಲ್ಲಿ ಹೋದ ಹುಡುಗ. ಅದೇ ಕೊರಗಲ್ಲಿ ಅವನ ತಾಯಿ ಎರಡು ಮಳೆಗಾಲ ಕೂಡ ಬದುಕಲಿಲ್ಲ ಅಂತ."

ಮಿ ಚಾನ್ ಕೈಮುಗಿದಿದ್ದವಳು ಕೈ ಕೆಳಗಿಳಿಸಿದಳು. "ನನ್ನ ಬಗ್ಗೆ ಕೇಳಿದ್ನಾ?"

"ಅಕ್ಕ ಒಬ್ಬಳಿದಾಳೆ, ಕೆಳಗೆ ತೆಪ್ಪದ ಮೇಲೆ ಅಂತ ನಾನೇ ಹೇಳಿದೆ. ಆ ಕಡೆ ಹೋದ. ಹೋದ ಅಂದ್ಕೊಂಡೆ."

"ನನ್ನ ಹತ್ರ ಯಾರೂ ಬರಲಿಲ್ಲ."

"ಯಾವ ವರ್ಷ ಅದು?" ಬುಸಬಾ ಕೇಳಿದಳು.

"ಧರ್ಮಶಾಲೆಗೆ ಹೆಂಚು ಹಾಕಿದ ವರ್ಷ. ಹನ್ನೆರಡು ವರ್ಷ ಆಗಿರಬೇಕು."

ಬುಸಬಾಳ ಮನಸ್ಸು ಬೇರೊಂದು ವರ್ಷಕ್ಕೆ ಹೋಗಿತ್ತು. ಬೇಸಿಗೆಯಲ್ಲಿ ಬಿದಿರು ತರಲು ಮೇಲಕ್ಕೆ ಹೋಗಿ ಬಂದ ಚರೂನ್ ಒಮ್ಮೆ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಲೇರಿಯಾ ಎಂದು ಅವಳು ಕಹಿಕಷಾಯ ಕುಡಿಸಿದ್ದಳು. ಆದರೆ ಅದು ಮಗ ಪದ್ಧತಿಯಂತೆ ಕೆಲವು ದಿನ ಭಿಕ್ಷುವಾಗಿದ್ದ ಬೇಸಿಗೆ, ಇಪ್ಪತ್ತು ವರ್ಷವೇ ಆಯಿತು. ಹನ್ನೆರಡು ವರ್ಷದ ಹಿಂದೆ ಅವನ ಮೊಣಕಾಲು ಕೆಟ್ಟು ಬಿದಿರನ್ನು ಮನೆಬಾಗಿಲಿಗೇ ತರಿಸುತ್ತಿದ್ದರು.

"ಇಪ್ಪತ್ತು ವರ್ಷ ಆಗಿರಬಹುದಾ ಗುರುಗಳೆ?"

"ಆಗಿರಬಹುದು," ಎಂದರು ಅವರು. "ಹೆಂಚು ಎರಡು ಸಲ ಹಾಕಿಸಿದೀವಿ. ಬಂದವನು ಬೇರೆ ಯಾರೋ ಕೂಡ ಆಗಿರಬಹುದು ತಾಯಿ. ನನಗೆ ಮೀನು ನೆನಪಿದೆ, ಮುಖ ನೆನಪಿಲ್ಲ."

ವಿಹಾರದ ಹಿಂಭಾಗದ ಗೋಡೆಯಲ್ಲಿ ಸಾಲಾಗಿ ಸಣ್ಣ ಗೂಡುಗಳಿದ್ದವು. ಮಿ ಚಾನ್ ಒಂದರ ಮುಂದೆ ನಿಂತಳು. ಪುಟ್ಟ ಕಲ್ಲಿನ ಮೇಲೆ ಹೋಂಗ್ಸನ ಹೆಸರು, ಕೆಳಗೆ ಒಣಗಿದ ಮಲ್ಲಿಗೆ ಮಾಲೆ. ಬುಸಬಾ ಅದನ್ನು ನೋಡುತ್ತ ನಿಂತಳು. ತಾನು ಚರೂನನ ಜೊತೆ ಮದುವೆಯ ಊಟಕ್ಕೆ ಕೂತ ದಿನ ಕೂಡ ಇಲ್ಲಿ ಅವನ ಹೆಸರಿಗೆ ಊದಿನಕಡ್ಡಿ ಉರಿಯುತ್ತಿತ್ತು.

"ಈ ಕಲ್ಲು ತೆಗೆಸಬೇಕು ಅಕ್ಕ," ಎಂದಳು. "ಇದು ಅವನಲ್ಲ. ಒಳಗಿರೋನನ್ನ ಹೊಳೆಗೆ ಬಿಟ್ಟು, ಇವನನ್ನ ಇಲ್ಲಿಡೋಣ. ಹೆಸರು ಇವನದಲ್ವಾ."

ಮಿ ಚಾನ್ ಅವಳತ್ತ ತಿರುಗಿದಳು. ಮುಖದಲ್ಲಿ ಸಿಟ್ಟಿತ್ತೋ ಗಾಬರಿಯಿತ್ತೋ, ಬುಸಬಾ ಗುರುತಿಸಲಾರದೆ ಹೋದಳು.

"ನಲವತ್ತು ವರ್ಷ ನನ್ನ ಕೈ ಅನ್ನ ಉಂಡಿದಾನೆ ಇವನು. ಈಗ ನೀನು ಅವನಲ್ಲ, ಎದ್ದು ಹೋಗು ಅನ್ನಲಾ? ನಿನ್ನ ಗಂಡನಿಗೆ ನಿನ್ನ ಕೈಯಡುಗೆ ಸಿಕ್ತು. ಇವನಿಗೆ ಯಾರಿದ್ರು? ಇವನ ಮನೇಲಿ ಇನ್ನೂ ಬರ್ತಾನೆ ಅಂತ ಕಾಯ್ತಿದ್ರೋ ಏನೋ."

"ಮತ್ತೆ ಇವನು?" ಬುಸಬಾ ಬುಟ್ಟಿ ಎತ್ತಿ ತೋರಿಸಿದಳು. "ಇವನಿಗೆ ಹೆಸರು ಬೇಡ್ವಾ?"

"ಅವನೇ ಬೇಡ ಅಂತ ಬಿಟ್ಟು ಹೋದ. ಚರೂನ್ ಅಂತ ಇಟ್ಕೊಂಡ. ನನ್ನನ್ನ ನೋಡದೆ ವಾಪಸ್ ಹೋದ." ಮಿ ಚಾನ್ ಒಣಗಿದ ಮಾಲೆಯನ್ನು ತೆಗೆದು ಕೈಯಲ್ಲಿ ಹಿಚುಕಿದಳು. "ಬಂದಿದ್ರೆ ಹೊಡೀತಿದ್ದೆ. ಹೊಡೆದು ಊಟಕ್ಕೆ ಹಾಕ್ತಿದ್ದೆ. ಅಷ್ಟಕ್ಕೆ ಹೆದರಿದ್ನಾ?"

ಬುಸಬಾ ಉತ್ತರ ಹುಡುಕಿದಳು. ಅವನು ಹೆದರುವವನಲ್ಲ ಎನ್ನೋಣವೆಂದರೆ, ಸಿಡಿಲಿಗೆ ಹಾಸಿಗೆಯೊಳಗೆ ನುಗ್ಗುತ್ತಿದ್ದವನು. ನಿಮ್ಮನ್ನು ಮರೆತಿದ್ದ ಎನ್ನೋಣವೆಂದರೆ, ಸಾಯುವಾಗ ನೆನೆದವನು. ತಾಯಿಯ ಸಾವಿನ ಸುದ್ದಿ ಕೇಳಿ ಅಕ್ಕನಿಗೆ ಮುಖ ತೋರಿಸಲಾರದೆ ಹೋದನೇ? ತಾನು ಸತ್ತಿದ್ದೇನೆಂದು ಮೊದಲೇ ಗೊತ್ತಿತ್ತೇ, ಆ ದಿನ ಗೊತ್ತಾಯಿತೇ? ಬಂದದ್ದಾದರೂ ನಿಜವೇ? ಒಂದೊಂದಕ್ಕೂ ಒಂದೊಂದು ಚರೂನ್ ಅವಳ ಕಣ್ಣಮುಂದೆ ನಿಂತ. ಒಬ್ಬನೂ ಪೂರ್ತಿ ತನ್ನ ಗಂಡನಂತೆ ಕಾಣಲಿಲ್ಲ.

"ನನಗೆ ಗೊತ್ತಿಲ್ಲ ಅಕ್ಕ," ಎಂದಳು. "ನನಗೆ ಏನೂ ಗೊತ್ತಿಲ್ಲ."

ಮಿ ಚಾನ್ ಅವಳ ಮೊಣಕೈ ಹಿಡಿದು ಗುಡ್ಡ ಇಳಿಸಿದಳು. ಅಂದು ತೆಪ್ಪದ ಮನೆಯಲ್ಲಿ ಕಳಲೆಯ ಸಾರು, ಅನ್ನ ಬಡಿಸಿದಳು. ಬಡಿಸಿದ ತಟ್ಟೆಗಳು ಮೂರು. ಮೂರನೆಯದು ಯಾರಿಗೆಂದು ಬುಸಬಾ ಕೇಳಲಿಲ್ಲ. ಮಿ ಚಾನ್‌ಳೂ ಅದನ್ನು ನೋಡುತ್ತ, ಸಾರು ಹಾಕಬೇಕೋ ಬೇಡವೋ ಎಂದು ಸೌಟು ಹಿಡಿದು ಸ್ವಲ್ಪ ಹೊತ್ತು ಕೂತು, ಕೊನೆಗೆ ಹಾಕಿದಳು.

ಬೆಳಿಗ್ಗೆ ಗಿಬ್ಬನ್ ವಾನರಗಳು ಆಚೆ ಕಾಡಿನಲ್ಲಿ ಕೂಗುತ್ತಿದ್ದಾಗ ಪಿಸಮಯ್ ದೋಣಿ ತಂದಳು. ಬೇಸಿಗೆಯಲ್ಲಿ ನೀರು ತಗ್ಗಿ ಹಳೆಯ ವಿಹಾರದ ಗೋಡೆಗಳು ಮೇಲೆದ್ದಿದ್ದವು. ಸೂರಿಲ್ಲ, ಕಿಟಕಿಗಳಲ್ಲಿ ಆಕಾಶ. ಹಿಂಬದಿಯಲ್ಲಿ ಕಲ್ಲಿನ ಮೆಟ್ಟಿಲುಗಳು ಕೆಸರು ಮೆತ್ತಿಕೊಂಡು ನೀರಿಗೆ ಇಳಿದಿದ್ದವು. ಪಕ್ಕದಲ್ಲಿ ಒಂದು ಭಾರೀ ಮರದ ಬುಡ, ಕೊಡಲಿ ತಗುಲಿದ ಕಡೆ ಚಪ್ಪಟೆಯಾಗಿ, ನೀರಿನಿಂದ ಒಂದು ಗೇಣು ಮೇಲಿತ್ತು. ಮಿ ಚಾನ್ ಅದರತ್ತ ನೋಡಲಿಲ್ಲ.

"ಮೇಲಿಂದ ನಾಲ್ಕನೇದು," ಎಂದಳು ಬುಸಬಾ.

"ಯಾವ ಮೇಲಿಂದ? ಮೇಲಿನ ಎರಡು ಮೆಟ್ಟಿಲು ಕುಸಿದು ಹೋಗಿವೆ. ಆಗಿನ ನಾಲ್ಕನೇದು ಈಗ ಎರಡನೇದು."

"ಅವನು ಸಾಯುವಾಗ ಹೇಳಿದ್ದು ಈಗಿನ ನಾಲ್ಕನೇದೇನೋ. ಬಂದು ನೋಡಿ ಹೋಗಿದ್ರೆ?"

"ಬಂದಿದ್ದ ಅಂತ ಗುರುಗಳು ಅಂದಿದ್ದು. ಗುರುಗಳಿಗೆ ನನ್ನ ಹೆಸರೂ ಒಮ್ಮೊಮ್ಮೆ ಮರೆಯತ್ತೆ."

ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ವಾದಿಸಿದರು. ಎರಡನೆಯ ಮೆಟ್ಟಿಲು ಒಣಗಿತ್ತು, ಅಲ್ಲಿ ಬೂದಿ ಹಾಕಿದರೆ ಗಾಳಿಗೆ ಹೋಗುತ್ತದೆ. ನಾಲ್ಕನೆಯದರ ಮೇಲೆ ನೀರು ಮೆಲ್ಲನೆ ಆಡುತ್ತಿತ್ತು. ಪಿಸಮಯ್ ದೋಣಿಯಿಂದ, "ಅಲ್ಲಿ ಏನಿತ್ತು ಅಜ್ಜಿ, ನಾಲ್ಕನೇ ಮೆಟ್ಟಿಲಲ್ಲಿ?" ಎಂದು ಕೇಳಿದಳು.

ಮಿ ಚಾನ್ ಯೋಚಿಸಿದಳು. "ಏನೂ ಇರಲಿಲ್ಲ. ಎಲ್ಲ ಒಂದೇ ಥರ ಮೆಟ್ಟಿಲು. ನಾನು ಬಟ್ಟೆ ಒಗೆಯುವಾಗ ಅವನು ಎಲ್ಲೋ ಒಂದು ಕಡೆ ಕೂತಿರ್ತಿದ್ದ. ಯಾವುದು ಅಂತ ಯಾರು ಎಣಿಸ್ತಾರೆ."

ಕೊನೆಗೆ ನಾಲ್ಕನೆಯದರ ಮೇಲೇ ಇಬ್ಬರೂ ಕೂತರು. ಬುಸಬಾ ಗಂಟು ಬಿಚ್ಚಿದಳು. ಮಿ ಚಾನ್ ಮೊದಲು ಮುಟ್ಟಲಿಲ್ಲ. ಆಮೇಲೆ ಒಂದು ಹಿಡಿ ತೆಗೆದುಕೊಂಡು, ಅಂಗೈಯಲ್ಲಿಟ್ಟುಕೊಂಡು, ತಮ್ಮ ಮಾತಿನಲ್ಲಿ ಬಯ್ಯತೊಡಗಿದಳು. ಬಯ್ಗುಳವೆಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಬುಸಬಾ ಕಿವಿಗೊಟ್ಟು ಕೇಳಿದಳು. ಚರೂನ್ ಜ್ವರದಲ್ಲಿ ಅನ್ನುತ್ತಿದ್ದ ಏರಿಳಿತವೇ ಅದರಲ್ಲಿತ್ತು. ಮೂವತ್ತೈದು ವರ್ಷ ತನ್ನ ಮನೆಯಲ್ಲಿ ಕೇಳಿದ್ದು ಈ ಹೆಂಗಸಿನ ದನಿಯನ್ನೇ ಎಂದು ತಿಳಿದಾಗ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಏನಾಯಿತೆಂದೂ ಅವಳಿಗೆ ಸರಿಯಾಗಿ ಹೊಳೆಯಲಿಲ್ಲ. ಬಯ್ದು ಮುಗಿದ ಮೇಲೆ ಮಿ ಚಾನ್ ಕೈ ನೀರಲ್ಲಿ ಅದ್ದಿದಳು. ಉಳಿದದ್ದನ್ನು ಬುಸಬಾ ಬಿಟ್ಟಳು. ಬೂದಿ ಎಲ್ಲೂ ಹರಿದು ಹೋಗಲಿಲ್ಲ. ಮೆಟ್ಟಿಲ ಸುತ್ತಲೇ ಸ್ವಲ್ಪ ಹೊತ್ತು ಸುಳಿದಾಡಿ ಕೆಳಗಿಳಿಯಿತು.

ವಿಹಾರದಲ್ಲಿ ಭಿಕ್ಷುವಿಗೆ ಊಟ ನೀಡಿ, ಸತ್ತವರ ಪುಣ್ಯಕ್ಕೆಂದು ಬಟ್ಟಲಿಗೆ ನೀರೆರೆಯುವಾಗ ಗುರುಗಳು, "ಯಾರ ಹೆಸರಿಗೆ?" ಎಂದು ಕೇಳಿದರು.

"ಹೋಂಗ್ಸನ ಹೆಸರಿಗೆ," ಎಂದಳು ಮಿ ಚಾನ್.

"ಯಾವ ಹೋಂಗ್ಸ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಇಬ್ಬರಿಗೂ," ಎಂದಳು ಬುಸಬಾ. "ಚರೂನಂಗೂ," ಎಂದು ಸೇರಿಸಿದಳು. ಆಮೇಲೆ ಅದು ಮೂರಾಯಿತಲ್ಲ, ಇದ್ದದ್ದು ಇಬ್ಬರೇ ಅಲ್ಲವೇ ಎಂದು ಗೊಂದಲವಾಯಿತು. ಗುರುಗಳು ಮಂತ್ರ ಶುರು ಮಾಡಿಬಿಟ್ಟಿದ್ದರು.

ಮಧ್ಯಾಹ್ನದ ಗಾಡಿಗೆ ಬುಸಬಾ ದೋಣಿಕಟ್ಟೆಯಲ್ಲಿ ಕಾಯುತ್ತಿದ್ದಾಗ ಮಿ ಚಾನ್ ಒಣಮೀನಿನ ಕಟ್ಟು ತಂದಳು. ಬುಸಬಾಗೆ ನಗು ಬಂತು. "ಮೀನಿನ ಊರಿಗೆ ಮೀನು ಕಳಿಸ್ತೀರಾ ಅಕ್ಕ?"

"ಅವನ ಮಕ್ಕಳು ಹೊಳೆ ಮೀನು ತಿಂದಿರಲ್ಲ." ಮಿ ಚಾನ್ ಕಟ್ಟಿನ ದಾರ ಬಿಗಿ ಮಾಡುತ್ತ, "ಮಗಳು ಯಾರ ಥರ ಇದಾಳೆ?" ಎಂದು ಕೇಳಿದಳು.

ಬುಸಬಾ ಅವಳ ಮುಖ ನೋಡಿದಳು. ಕಿರಿದಾದ ಗದ್ದ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ. ನಿನ್ನೆಯಿಂದ ನೋಡುತ್ತಿದ್ದರೂ ಈಗ ಕಂಡಿತು. "ನೀವೇ ಬಂದು ನೋಡಿ," ಎಂದಳು.

ಗಾಡಿ ಬಂದಾಗ ಮಿ ಚಾನ್ ಪಿಸಮಯ್‌ಗೆ ಕೂಗಿ, ಜಾಲರಿಯ ಮೇಲ್ಗಡೆ ಸಾಲಿನ ಮೀನು ಸಂಜೆಯೊಳಗೆ ತೆಗಿ, ಹಬ್ಬದ ದಿನ ಗೋಡೆಯವನಿಗೆ ಅನ್ನ ನೀನೇ ಇಡು, ಕಳಲೆ ಹಾಕು, ಅವನಿಗೆ ಅದೇ ಇಷ್ಟ ಎಂದು ಹೇಳಿ, ಉಟ್ಟ ಬಟ್ಟೆಯಲ್ಲೇ ಗಾಡಿ ಹತ್ತಿ ಕೂತಳು. ಗೋಡೆಯವನಿಗೆ ಕಳಲೆ ಇಷ್ಟವೆಂದು ಇವಳಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬುಸಬಾಗೆ ಹೊಳೆಯಿತು.

ಘಟ್ಟ ಇಳಿಯುವಾಗ ಅವಳು ಮಗಳಿಗೆ ಫೋನು ಮಾಡಿದಳು.

"ಆಯ್ತಾ ಅಮ್ಮ? ಆ ಹೆಂಗಸು ಸಿಕ್ಕಿದ್ಲಾ?"

"ಸಿಕ್ಕಿದ್ರು. ಜೊತೇಲೇ ಬರ್ತಿದಾರೆ. ನಿನ್ನ ಸೋದರತ್ತೆ."

"ಅಪ್ಪಂಗೆ ಯಾರೂ ಇರಲಿಲ್ವಲ್ಲ?"

ಬುಸಬಾ ಪಕ್ಕದಲ್ಲಿ ನೋಡಿದಳು. ತಿರುವಿನ ಓಲಾಟಕ್ಕೆ ಮಿ ಚಾನ್ ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

"ಬಂದು ಹೇಳ್ತೀನಿ. ನನಗೂ ಪೂರ್ತಿ ಗೊತ್ತಿಲ್ಲ. ಮಹಡಿ ಮೇಲಿನ ಹಾಸಿಗೆ ಬಿಸಿಲಿಗೆ ಹಾಕು," ಎಂದು ಫೋನಿಟ್ಟು, ಮಿ ಚಾನಳ ತಲೆ ಸರಳಿಗೆ ಬಡಿಯದಂತೆ ತನ್ನ ಭುಜವನ್ನು ಅಡ್ಡ ಕೊಟ್ಟಳು.